ತದಡಿಯ ತೂಕದ ಕೋಣೆ, ಪುಟ ನೂರಾ ಹದಿನೆಂಟು

ಇಡೀ ಬಂದರಿನ ಲೆಕ್ಕ ಒಂದೇ ಕಡತ.
ಕಾವಲಿಗೆ ಆಳಿಲ್ಲ, ದೂರದಲ್ಲೆಲ್ಲೋ ಕೂತ ಯಜಮಾನ ಯಂತ್ರವಿಲ್ಲ;
ತಕ್ಕಡಿಯ ಹೊಟ್ಟೆಯಲ್ಲಿ, ಬೆಂಕಿಪೊಟ್ಟಣದಷ್ಟು ಹಲಗೆಯ ಮೇಲೆ
ತಾನೇ ಬರೆದು ತಾನೇ ಓದಿಕೊಂಡು
ಆರು ವರ್ಷ ತೆಪ್ಪಗಿತ್ತು.

ಮೂರು ದಿನದಿಂದ ಒಂದೇ ಮಾತು: ಬೀಗ ಬಿದ್ದಿದೆ.
ಹಾಕಿದವರು ಯಾರು, ಹೇಳುವುದಿಲ್ಲ.

ಮೊದಲು ತಂತಿ ನೋಡಿದೆ. ಉಪ್ಪುಗಾಳಿಗೆ
ಹಿತ್ತಾಳೆ ಹಸಿರುಗಟ್ಟಿತ್ತು. ಉಜ್ಜಿದೆ. ಬೀಗ ಹಾಗೇ.
ಆಮೇಲೆ ಕಂಡಿತು: ರಶೀದಿ ಮುದ್ರಿಸುವ ಪ್ರೋಗ್ರಾಮು
ಓದಲು ತೆರೆದ ಬಾಗಿಲು ಮುಚ್ಚದೆ,
ಕಾಗದ ಮುಗಿದಲ್ಲೇ ನಿಂತು ಕಾಯುತ್ತಿತ್ತು.
ಅದನ್ನು ಕೊಂದೆ.
ಒಳಗೆ ಹೋಗಿ ನೋಡಿದರೆ
ಅರ್ಧ ಶನಿವಾರ.

"ಹಮ್ಮಣ್ಣ, ಇದರ ಪಕ್ಕ ಇನ್ನೊಂದು ಸಣ್ಣ ಕಡತ ಇರಲಿಲ್ಲವಾ?"
"ಬಾಲದಂಗೆ ಒಂದ್ ಇತ್ತು. ಕಸ ಅಂದ್ಕಂಡೆ. ಒರೆಸ್ದೆ."

ಬರೆಯುವ ಮುನ್ನ ಹಳೆಯ ಪುಟದ ನಕಲೆತ್ತಿ
ಪಕ್ಕಕ್ಕಿಡುವುದು ಇದರ ಪದ್ಧತಿ.
ನಡುವೆ ಕರೆಂಟು ಹೋದರೆ, ಎಚ್ಚರಾದ ಕೂಡಲೇ
ಆ ನಕಲು ನೋಡಿ ಕೈ ಹಿಂದಕ್ಕೆಳೆದುಕೊಳ್ಳುತ್ತದೆ,
ಏನೂ ಆಗಿಲ್ಲವೆಂಬಂತೆ.
ಈಗ ಹಿಂದಕ್ಕೆ ಹೋಗಲು ಹಿಂದೆಯೇ ಇಲ್ಲ.

ಪುಟ ನೂರಾ ಹದಿನೆಂಟಕ್ಕೆ ತಾಯಿಯಿಲ್ಲ;
ಯಾವ ಪುಟವೂ ಅದನ್ನು ತನ್ನದೆನ್ನುವುದಿಲ್ಲ.
ಬೈಟು ಬೈಟಾಗಿ ಬಿಚ್ಚಿದೆ. ದೋಣಿಯ ಹೆಸರು
"ಮಹಾಸ" ಎಂಬಲ್ಲಿಗೆ ಮುರಿದಿತ್ತು.
ಮುಂದೆ ಒಂದು ನಾಲ್ಕು, ಒಂದು ಒಂದು,
ಆಮೇಲೆ ಬರೀ ಸೊನ್ನೆ, ಮರಳಿನ ಹಾಗೆ.

ಹರಾಜು ಕೂಗುವ ತುಳಸು
ಬುಟ್ಟಿ ಬೋರಲು ಹಾಕಿ ಎದುರಿಗೆ ಕೂತಳು. "ಓದು."
ಇದ್ದಷ್ಟು ನಾನು ಓದಿದೆ, ಇಲ್ಲದ್ದನ್ನು ಅವಳು ಹೇಳಿದಳು:
ಮಹಾಸತಿ. ಬಂಗಡೆ ನಲವತ್ತೊಂದು ಬುಟ್ಟಿ.
ಎರಡು ವಾಪಸು, ಹೊಟ್ಟೆ ಒಡೆದದ್ದು.
ಉಳಿದದ್ದು ಗೋವೆಯ ಲಾರಿಗೆ;
ಸೋಮವಾರ ಕೊಡುತ್ತೇನೆಂದ ದುಡ್ಡು ಮಂಗಳವಾರವೂ ಇಲ್ಲ.
ಕೊನೆಯದಕ್ಕೆ ಕಾಲಂ ಇರಲಿಲ್ಲ.
ಅಂಗೈ ಮೇಲೆ ಬರೆದುಕೊಂಡೆ.

ಹೇಗೂ ಬಿಚ್ಚಿದ್ದೇನೆ, ಹಳೆಯ ದೂರೊಂದನ್ನೂ ಮುಗಿಸೋಣ:
ಕಾರವಾರದವರು ಬರೆಸುವುದು ತಾರ್ಲೆ, ಭಟ್ಕಳದವರು ಬೈಗೆ,
ಮಲ್ಪೆ ಕಡೆಯ ದೋಣಿ ಬಂದರೆ ಬೂತಾಯಿ.
ವರ್ಷದ ವರದಿಯಲ್ಲಿ
ಒಂದೇ ಮೀನು ಮೂರಾಗಿ ಈಜುತ್ತಿತ್ತು.
ಈ ಎಂಜಿನಿಗೆ ಗೊತ್ತಿರುವುದು ಬೈಟುಗಳ ಹಿರಿತನ ಕಿರಿತನ ಮಾತ್ರ,
ಆದರೆ ಜಂಬವಿಲ್ಲ, ಹೊರಗಿನವರ ತಕ್ಕಡಿಗೂ ಜಾಗ ಕೊಡುತ್ತದೆ:
ನೀನೇ ಹೋಲಿಸು, ಉತ್ತರ ಮೂರೇ,
ಕಡಿಮೆ, ಹೆಚ್ಚು, ಸೊನ್ನೆ.

ಸಿ ಭಾಷೆಯಲ್ಲಿ ಅರವತ್ತು ಸಾಲು, ಎರಡು ಚಹಾ.
ತಾರ್ಲೆಗೂ ಬೈಗೆಗೂ ಸೊನ್ನೆ. ಬೈಗೆಗೂ ಬೂತಾಯಿಗೂ ಸೊನ್ನೆ.
ಹಳೆಯ ಸೂಚಿ ಕಿತ್ತು ಹೊಸ ಕ್ರಮದಲ್ಲಿ ಕಟ್ಟಿದೆ,
ಇಲ್ಲವಾದರೆ ಬುಟ್ಟಿಯಲ್ಲಿರುವ ಮೀನನ್ನೇ
ಇಲ್ಲ ಎಂದುಬಿಡುತ್ತದೆ, ಆಣೆಯಿಟ್ಟು.

"ಎಲ್ಲಾ ಒಂದೇ ಅಂತ ಬರ್ದ್ಯಾ ತಂಗಿ?"
"ಹೆಸರಷ್ಟೇ."
"ಬೆಳಗಿಂದು, ನಿನ್ನೆ ಐಸಲ್ಲಿ ಮಲ್ಗಿದ್ದು, ಅದೂ ಒಂದೇಯಾ?
ಹೆಸ್ರ್ ಯಾರಾದ್ರೂ ತಿಂತ್ರಾ?"

ಸೊನ್ನೆ ಕೊಡುವ ಸಾಲಿನ ಮೇಲೆ
ಟಿಪ್ಪಣಿಯೊಂದನ್ನು ಹಾಕಿ ಬಿಟ್ಟೆ: ಐಸು, ತುಳಸುವನ್ನು ಕೇಳುವುದು.

ಹೊರಗೆ ಅಘನಾಶಿನಿ ಇಳಿಯುತ್ತಿತ್ತು.
ಬಳಚು ಹೆಕ್ಕುವವರು ಸೀರೆ ಎತ್ತಿ ಕಟ್ಟಿ
ಕೆಸರಿಗೆ ಇಳಿದಿದ್ದರು.

ಕೊನೆಯ ಪರೀಕ್ಷೆ. ಬರೆಯಲು ಬಿಟ್ಟೆ, ಸಾವಿರ ಸುಳ್ಳು ಬುಟ್ಟಿ.
"ಪ್ಲಗ್ಗು ಕೀಳು, ಹಮ್ಮಣ್ಣ."
"ಈಗ್ಲೇ? ಬರಿತಾ ಇದ್ಯಲ್ಲ?"
"ಈಗಲೇ."

ಕಿತ್ತ. ಕತ್ತಲು. ಐಸ್ ಫ್ಯಾಕ್ಟರಿಯ ಗುರ್ ಒಂದೇ.
ಮತ್ತೆ ಚುಚ್ಚಿದಾಗ ಪರದೆಯ ಮೇಲೆ ಎರಡು ಹೆಸರು:
ಕಡತ, ಅದರ ಬಾಲ.
ಹಮ್ಮಣ್ಣ ಬೆರಳು ತೋರಿಸಿದ, ಮುಟ್ಟಲಿಲ್ಲ.
"ಇದು ಇರ್ಲಾ?"
"ಅದರ ಕೆಲಸ ಮುಗಿದ ಮೇಲೆ ತಾನೇ ಹೋಗುತ್ತದೆ."

ಲೆಕ್ಕ ತೆರೆದೆ. ನಲವತ್ತೊಂದು, ಎರಡು ವಾಪಸು.
ಸುಳ್ಳು ಬುಟ್ಟಿ ಒಂದೂ ಇರಲಿಲ್ಲ.
ಹಮ್ಮಣ್ಣ ಇನ್ನೂ ಬಾಲವನ್ನೇ ಹುಡುಕುತ್ತಿದ್ದ.